ಕಂಪನಿ ಬದಲಿಸಿದ ವರ್ಷ

ನಮ್ಮ ಮನೆಗೆ ಬಂದ ಮೊದಲ ಮೂರು ಗಾಡಿಗಳೂ ಒಂದೇ ಕಂಪನಿಯವು. ಮೊದಲನೆಯದು ಯಾರೋ ಓಡಿಸಿ ಬಿಟ್ಟ ಜೀಪು. ಎರಡನೆಯದು ಹಿಂದಿನ ಸೀಟು ಕಿತ್ತು ಉಳ್ಳಾಗಡ್ಡಿ ಚೀಲ ಹೇರುತ್ತಿದ್ದ ವ್ಯಾನು. ಮೂರನೆಯದು ಬಿಳಿ ಕಾರು. ನಾನು ಸಾಲಿ ಕಂಡದ್ದು ಮೂರನೆಯ ಇಯತ್ತೆಯವರೆಗೆ. ಕಂಪನಿಯ ಹೆಸರನ್ನು ಇಂಗ್ಲಿಷಿನಲ್ಲಿ ಓದಲು ನನಗೆ ಇವತ್ತಿಗೂ ಬರುವುದಿಲ್ಲ. ಆದರೆ ಮುಂದಿನ ಗುರುತು ನೋಡಿ, ಇದು ನಮ್ಮ ಕಂಪನಿಯದು, ಇದು ಅಲ್ಲ ಎಂದು ಹೊಲದ ಬದುವಿನಲ್ಲಿ ನಿಂತೇ ಹೇಳುತ್ತಿದ್ದೆ.

ಒಂದೇ ಕಂಪನಿ ಹಿಡಿದು ಕೂತದ್ದು ಕಂಪನಿಯ ಮೇಲಿನ ಪ್ರೀತಿಗಲ್ಲ, ಮಿಸ್ತ್ರಿಯ ಸಲುವಾಗಿ. ನಮ್ಮೂರು ಮಸೂತಿ. ಮಿಸ್ತ್ರಿಯ ಶೆಡ್ಡು ಬಸವನ ಬಾಗೇವಾಡಿಯಲ್ಲಿ. ಜೀಪು ತಂದ ವರ್ಷ ಅವನಿನ್ನೂ ಹರೆಯದವನು, ಮೊಣಕೈವರೆಗೆ ಎಣ್ಣೆ ಬಳಿದುಕೊಂಡು ಜೀಪಿನ ಕೆಳಗಿನಿಂದಲೇ ಮಾತಾಡುತ್ತಿದ್ದ. ಅವನ ಕೈ ಕೂತದ್ದು ಆ ಕಂಪನಿಯ ಗಾಡಿಗಳ ಮೇಲೆ. ಬೇರೆ ಕಂಪನಿಯದು ಬಂದರೆ ನೋಡುತ್ತಿದ್ದ, ಮಾಡುತ್ತಿದ್ದ, ಆದರೆ ನಮ್ಮದರ ಸದ್ದನ್ನು ರಸ್ತೆಯ ತಿರುವಿನಲ್ಲೇ ಕೇಳಿ ಏನು ಕೆಟ್ಟಿದೆ ಅಂತ ಹೇಳಿಬಿಡುತ್ತಿದ್ದ.

ನಮ್ಮ ಕಡೆ ರಾಶಿ ಮುಗಿದ ಮೇಲೆ ಬಡಿಗರಿಗೆ, ಕಮ್ಮಾರರಿಗೆ ಕಣದಲ್ಲೇ ಜೋಳ ಅಳೆದು ಕೊಡುತ್ತಾರೆ. ಅದಕ್ಕೆ ಆಯ ಎನ್ನುತ್ತೇವೆ. ಆಯ ಉಣ್ಣುವವನು ವರ್ಷವಿಡೀ ನಿಮ್ಮ ನೇಗಿಲು, ಕುಂಟೆ ನೋಡಿಕೊಳ್ಳುತ್ತಾನೆ. ಸಣ್ಣ ಕೆಲಸಕ್ಕೆ ಅವನು ರೊಕ್ಕ ಕೇಳುವುದಿಲ್ಲ, ನೀವು ಕೊಡುವುದಿಲ್ಲ. ಕೊಟ್ಟರೆ ಆಯ ಮುರಿಯಿತು ಎಂದು ಅರ್ಥ. ಅವನನ್ನು ಬಿಟ್ಟು ನಿಮ್ಮ ಕಬ್ಬಿಣವನ್ನು ಇನ್ನೊಬ್ಬನಿಗೆ ತೋರಿಸುವುದೂ ಇಲ್ಲ. ಅವನು ಇದು ಹೋಯಿತು ಎಂದರೆ ಹೋಯಿತು.

ಎತ್ತು ಮಾರಿದೆವು, ಟ್ರ್ಯಾಕ್ಟರು ಬಂತು, ಜೀಪು ಬಂತು. ಕಮ್ಮಾರನ ಮಕ್ಕಳು ಆಲಮಟ್ಟಿಯ ಕಾಲುವೆ ಕೆಲಸಕ್ಕೆ ಹೋದರು. ಆ ವರ್ಷ ಆಯದ ಚೀಲ ಕಣದಲ್ಲೇ ಉಳಿಯಿತು. ನಾನು ಅದನ್ನು ಜೀಪಿಗೆ ಹಾಕಿಸಿ ಬಾಗೇವಾಡಿಗೆ ಒಯ್ದು ಮಿಸ್ತ್ರಿಯ ಮುಂದೆ ಇಳಿಸಿದೆ. ಅವನು ಗಾಬರಿಯಾದ.

"ಅವ್ವಾರ, ನನಗ್ಯಾಕರಿ ಜ್ವಾಳ? ನಾ ಏನ್ ಕಂಬಾರನೇನ್ರಿ?"

"ಕಬ್ಬಿಣ ಬಡೀತಿಯಿಲ್ಲೋ? ಹಂಗಾರ ಕಂಬಾರನ. ಒಳಗ ಇಡು."

ಯಜಮಾನರು ಹಾದಿಯುದ್ದಕ್ಕೂ ನಕ್ಕರು. ಅವರು ಹೋಗಿ ಈಗ ಬಹಳ ವರ್ಷವಾಯಿತು. ಆದರೆ ಮಿಸ್ತ್ರಿಯ ಆಯ ಒಂದು ವರ್ಷವೂ ತಪ್ಪಲಿಲ್ಲ.

ಬಿಳಿ ಕಾರು ಬಂದ ಕೆಲವು ವರ್ಷಕ್ಕೆ ನನ್ನ ಬಲಗಾಲಿನ ಮೊಣಕಾಲು ಮಡಚುವುದನ್ನು ಬಿಟ್ಟಿತು. ಕಾರು ಹತ್ತುವಾಗ ಯಾರಾದರೂ ಹಿಂದಿನಿಂದ ತಳ್ಳಬೇಕು, ಮುಂದಿನಿಂದ ಎಳೆಯಬೇಕು. ಅದು ನನಗೆ ಸೇರುತ್ತಿರಲಿಲ್ಲ. ಒಂದು ಹಳೆಯ ಇಳಕಲ್ ಸೀರೆಯ ಸೆರಗನ್ನು ನಾಲ್ಕು ಮಡಿಕೆ ಮಾಡಿ, ದಬ್ಬಣದಿಂದ ಹೊಲಿದು, ಕೈ ಹೋಗುವಷ್ಟು ಕುಣಿಕೆ ಮಾಡಿದೆ. ಮಿಸ್ತ್ರಿ ಅದಕ್ಕೆ ಕಬ್ಬಿಣದ ಪಟ್ಟಿ ಹಾಕಿ, ಮುಂದಿನ ಬಾಗಿಲಿನ ಒಳಮೇಲ್ಗಡೆ ಬೋಲ್ಟಿನಿಂದ ಬಿಗಿದ. ತಾನೇ ಅದಕ್ಕೆ ಜೋತುಬಿದ್ದು ತೋರಿಸಿದ.

"ಎಮ್ಮಿ ಕಟ್ಟಿದ್ರೂ ಹರಿಯಂಗಿಲ್ಲರಿ ಅವ್ವಾರ."

"ಎಮ್ಮಿನ ಹತ್ತೂದೈತಿ, ಛಲೋ ಬಿಗಿ," ಎಂದೆ.

ಆ ಹಿಡಿಕೆ ಹಿಡಿದು ನಾನೊಬ್ಬಳೇ ಹತ್ತುತ್ತಿದ್ದೆ, ಒಬ್ಬಳೇ ಇಳಿಯುತ್ತಿದ್ದೆ. ಕಾರು ಓಡಿಸಲು ಮಗನೋ, ಕೂಲಿಯ ಡ್ರೈವರನೋ ಬೇಕು, ಅದು ಬೇರೆ ಮಾತು. ಸಿಂದಗಿಯ ತಂಗಿಯ ಮನೆ, ಇಂಡಿಯ ಮಗಳ ಮನೆ, ಹೊಲ, ಎಲ್ಲಿಗೆ ಹೋಗಬೇಕೆಂದರೂ ನನ್ನ ಮೈಗೆ ಇನ್ನೊಬ್ಬರ ಕೈ ಹತ್ತುತ್ತಿರಲಿಲ್ಲ.

ಮುದ್ದೇಬಿಹಾಳದಲ್ಲಿ ಮೊಣಕಾಲಿಗೆ ಸೂಜಿ ಹಾಕುವ ಡಾಕ್ಟರಿದ್ದಾರೆ. ಅವರಲ್ಲಿಗೆ ಹೋಗಿ ಮರಳುವಾಗ ಒಂದು ಮಧ್ಯಾಹ್ನ ಬಿಳಿ ಕಾರಿನ ಮುಂಭಾಗದಿಂದ ಹೊಗೆ ಎದ್ದಿತು. ಮಗ ಬಾನೆಟ್ ಎತ್ತಿದ. ನೀರು ಕುದಿದು ಹೊರಗೆ ಚಿಮ್ಮುತ್ತಿತ್ತು. ಪರಿಚಯದವರ ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿಸಿ ಬಾಗೇವಾಡಿಗೆ ಎಳೆಸಿಕೊಂಡು ಬಂದೆವು. ಮಿಸ್ತ್ರಿ ಗಾಡಿಯನ್ನು ಎರಡು ದಿನ ಇಟ್ಟುಕೊಂಡ. ಮೂರನೆಯ ದಿನ ನಾವು ಹೋದಾಗ ಅವನು ಮುಖ ಸಣ್ಣದು ಮಾಡಿಕೊಂಡು ನಿಂತಿದ್ದ.

"ಅವ್ವಾರ, ಹ್ಯಾಂಗ ಹೇಳಬೇಕೋ ತಿಳಿವಲ್ದು. ಇಂಜಿನ್ ಬ್ಲಾಕ್ ಸೀಳೇತ್ರಿ. ಇದು ಇನ್ನ ಏಳಂಗಿಲ್ಲ."

"ಬ್ಯಾರೆ ಇಂಜಿನ್ ಕೂಡಸಾಕ ಬರಂಗಿಲ್ಲೇನು?"

"ಈ ಮುದಿ ಗಾಡಿಗಿ ಅದು ದಂಡ್ರಿ. ಗುಜರಿಗಿ ಹಾಕೂದಷ್ಟ."

ಮಗ ನನ್ನನ್ನು ಪಕ್ಕಕ್ಕೆ ಕರೆದ. "ಅವ್ವಾ, ಒಮ್ಮಿ ವಿಜಾಪುರದ ಶೋರೂಮಿನವರಿಗಿ ತೋರಸೂಣೇನು? ಅವರು ಮಷಿನ್ ಹಚ್ಚಿ ನೋಡ್ತಾರ."

ನಾನು ಅವನ ಮೇಲೆ ಹರಿಹಾಯ್ದೆ. "ಆಯ ಉಂಡ ಮನಷ್ಯಾನ ಮ್ಯಾಲ ಇನ್ನೊಬ್ಬನ್ನ ತಂದು ನಿಲ್ಲಸ್ತಿಯೇನು? ನಿಮ್ಮಪ್ಪ ಇದ್ದಿದ್ರ ಇಂಥಾ ಮಾತು ಆಡ್ತಿದ್ದಿಯೇನು? ಅವ ಹೋತು ಅಂದ್ರ ಹೋತು."

ಮಿಸ್ತ್ರಿಗೆ ಕೇಳಲಿ ಎಂದೇ ಜೋರಾಗಿ ಅಂದೆ. ಅವನು ತಲೆ ತಗ್ಗಿಸಿ ನಟ್ಟು ಬಿಗಿಯುವ ಪಾನಾ ಒರೆಸುತ್ತ ನಿಂತ. ಅದನ್ನು ನಾನು ನಮ್ಮ ಗಾಡಿ ಹೋದ ದುಃಖ ಎಂದುಕೊಂಡೆ.

ಹೊಸ ಗಾಡಿ ತರುವುದೆಂದು ಗೊತ್ತಾದಾಗ ನಾನು ಹಾಕಿದ್ದು ಒಂದೇ ಶರತ್ತು. ಅದೇ ಕಂಪನಿಯದು ಇರಲಿ, ಮಿಸ್ತ್ರಿಯ ಕೈಯಲ್ಲಿ ಇರಲಿ. ಮಗನಿಗೂ ಸೊಸೆಗೂ ಬೇರೆ ಕಂಪನಿಯ ಮೇಲೆ ಕಣ್ಣಿತ್ತು. ಈಗ ಎಲ್ಲರೂ ತರುತ್ತಾರಲ್ಲ, ನೋಡಲು ದೊಡ್ಡ ಜೀಪಿನಂತೆ, ಒಳಗೆ ಕೂತರೆ ಸಣ್ಣ ಕಾರು, ಅಂಥದ್ದು. ಸೊಸೆ ಫೋನಿನಲ್ಲಿ ಅದರ ವಿಡಿಯೋ ಹಾಕಿ ನನ್ನ ಮೂಗಿನ ಕೆಳಗೆ ಹಿಡಿದಳು.

"ಅತ್ತಿ, ನೋಡ್ರಿ, ಮ್ಯಾಲಿನ ತಗಡು ತಾನ ತಗೀತೈತಿ. ಆಕಾಶ ಕಾಣ್ತೈತಿ."

"ನಮ್ಮ ಬಿಸಲಾಗ ನೆತ್ತಿ ಮ್ಯಾಲ ಕಿಂಡಿ ಯಾಕ ಬೇಕವಾ? ಹೊಲಕ್ಕ ಬಾ, ಬೇಕಾದಷ್ಟು ಆಕಾಶ ತೋರಸ್ತೇನಿ."

ಅವಳು ನಕ್ಕಳು. ಮಗ ನಗಲಿಲ್ಲ. "ಅವ್ವಾ, ನಿನ್ನ ಕಂಪನಿ ಇಂಜಿನ್ ನಡು ಹಾದ್ಯಾಗ ಸೀಳಿ ಬಿತ್ತು. ನಿನ್ನ ಮಿಸ್ತ್ರಿನ ಹೇಳ್ಯಾನ. ಮತ್ತ ಅದನ್ನ ತರೂಣೇನು?"

ಮೂರು ಗಾಡಿ ತಂದ ಮನೆಗೆ ಕಂಪನಿ ಹೀಗೆ ಕೈ ಕೊಟ್ಟಿತಲ್ಲ ಎಂದು ನನಗೂ ಸಿಟ್ಟಿತ್ತು. ಹೂಂ ಎಂದುಬಿಟ್ಟೆ.

ವಿಜಾಪುರದ ಶೋರೂಮಿನಲ್ಲಿ ನನ್ನನ್ನು ಮುಂದಿನ ಸೀಟಿನಲ್ಲಿ ಕೂರಿಸಿ ನೋಡಿದರು. ಅಲ್ಲಿಯ ಹುಡುಗಿ ಎಲ್ಲಿಂದಲೋ ಒಂದು ಸಣ್ಣ ಮಣೆ ತಂದು ಕಾಲ ಕೆಳಗೆ ಇಟ್ಟಳು. ಸರಾಗ ಹತ್ತಿದೆ. "ಆರಾಮ ಐತೇನವ್ವಾ?" ಎಂದ ಮಗ. ಐತಿ ಎಂದೆ. ಗಾಡಿಯ ಜೊತೆ ಆ ಮಣೆ ಬರುವುದಿಲ್ಲ ಎಂಬುದು ನನ್ನ ತಲೆಗೆ ಹೊಳೆಯಲಿಲ್ಲ.

ಕಂಪನಿ ಬಿಟ್ಟ ಸುದ್ದಿಯನ್ನು ಮಿಸ್ತ್ರಿಗೆ ಹೇಳಲು ನಾನೇ ಹೋದೆ, ಕಂಡಕ್ಟರನ ಕೈ ಹಿಡಿದು ಬಸ್ಸು ಹತ್ತಿ. ಇಷ್ಟು ವರ್ಷದವನ ಅನ್ನ ಕಿತ್ತಂತೆ ಆಗುತ್ತಿತ್ತು ನನಗೆ. ಹೊಸ ಕಂಪನಿಯ ಗಾಡಿ ಅವನ ಶೆಡ್ಡಿಗೆ ಬರುವುದಿಲ್ಲ, ಶೋರೂಮಿಗೇ ಒಯ್ಯಬೇಕಂತೆ.

"ತಪ್ಪು ತಿಳಕೋಬ್ಯಾಡಪಾ," ಎಂದೆ.

"ಹೋಗ್ಲಿ ಬಿಡ್ರಿ ಅವ್ವಾರ. ಕಾಲ ಹಂಗ ಐತಿ. ಆ ಹಳೀ ಗಾಡಿ ಏನ್ ಮಾಡ್ತೀರಿ?"

"ಗುಜರಿ ಅಂದಿಯಲ್ಲೋ."

"ನನಗ ಬಿಟ್ಟಬಿಡ್ರಿ. ನಟ್ಟು ಬೋಲ್ಟರ ಬಳಕಿ ಆಗ್ತಾವ."

ಕೊಟ್ಟುಬಿಟ್ಟೆ. ತಗಡಿನ ಬೆಲೆಯನ್ನೂ ಕೇಳಲಿಲ್ಲ. ಆಮೇಲೆ ಮಗ ಹೋಗಿ ಯಾವುದೋ ಕಾಗದಕ್ಕೆ ಸಹಿ ಮಾಡಿದ. ನನ್ನ ಹಿಡಿಕೆಯನ್ನು ಬಿಚ್ಚಿ ಕಳಿಸು ಎಂದು ಮಾತ್ರ ಹೇಳಿದೆ. ಕಳಿಸುತ್ತೇನೆ ಎಂದ.

ಹೊಸ ಗಾಡಿ ಬಂದ ದಿನ ಅವನನ್ನೇ ಕರೆಸಿದೆ. ನಮ್ಮ ಮನೆಗೆ ಬಂದ ಯಾವ ಗಾಡಿಗೂ ತೆಂಗಿನಕಾಯಿ ಒಡೆದದ್ದು ಅವನ ಕೈ. ಇಂಡಿಯ ಮಗಳು ಕಳಿಸಿದ ನಿಂಬೆಹಣ್ಣನ್ನು ಚಕ್ರದ ಕೆಳಗೆ ಇಟ್ಟ, ಕಾಯಿ ಒಡೆದ, ಬುತ್ತಿ ಕಟ್ಟಿಸಿಕೊಂಡ. ನಾನು ಹಿಡಿಕೆಯ ನೆನಪು ಮಾಡಿದೆ. ಇದಕ್ಕೂ ಒಂದು ಬಿಗಿ ಎಂದೆ.

"ಹೊಸಾ ಗಾಡಿಗಿ ತೂತು ಹೊಡದ್ರ ವಾರಂಟಿ ಹೋಗ್ತೈತ್ರಿ ಅವ್ವಾರ."

ಮಗನೂ ಅದನ್ನೇ ಹೇಳಿದ. ಸೊಸೆ, ಚಂದ ಕಾಣುವುದಿಲ್ಲ ಎಂದಳು. ಆಯಿತು, ಬಿಡಿ ಎಂದೆ. ಆ ಸುಗ್ಗಿಯಲ್ಲಿ ಮಿಸ್ತ್ರಿಗೆ ಒಂದರ ಬದಲು ಎರಡು ಚೀಲ ಜೋಳ ಕಳಿಸಿದೆ. ಅವನು ನಮ್ಮ ಗಾಡಿಯನ್ನು ಮುಟ್ಟುತ್ತಲೂ ಇರಲಿಲ್ಲ. ಆದರೂ ಕಳಿಸಿದೆ. ಬಿಟ್ಟು ಬಂದವಳು ನಾನು ಎಂಬುದೇ ನನ್ನ ಮನಸ್ಸಿನಲ್ಲಿ ಕೂತಿತ್ತು.

ಹೊಸ ಗಾಡಿ ಎತ್ತರ. ಒಳಗಿನ ಪ್ಲಾಸ್ಟಿಕ್ ಹಿಡಿಕೆ ಎಷ್ಟು ಮೇಲಿದೆಯೆಂದರೆ ಕೆಳಗೆ ನಿಂತು ಕೈ ಚಾಚಿದರೆ ನನ್ನ ಬೆರಳ ತುದಿ ಮುಟ್ಟುತ್ತದೆ, ಅಷ್ಟೇ. ಮನೆಯ ಮಣೆ ಇಟ್ಟು ನೋಡಿದೆ, ಅದು ಜಾರಿ ಒಮ್ಮೆ ಬಿದ್ದೆ. ಆಮೇಲೆ ಮಗ ಹಿಂದೆ ನಿಂತು ತಳ್ಳುವುದು, ಸೊಸೆ ಆಚೆ ಬಾಗಿಲಿನಿಂದ ನನ್ನ ಎರಡೂ ಕೈ ಹಿಡಿದು ಜಗ್ಗುವುದು. ಡಾಕ್ಟರರ ಬಾಗಿಲಿನಲ್ಲಿ, ಹೊಲದಲ್ಲಿ ಆಳುಗಳ ಮುಂದೆ, ಎಲ್ಲಾ ಕಡೆ ಇದೇ ಆಟ. ಚೀಲ ಹೇರಿದ ಹಾಗೆ ಹೇರುತ್ತಿದ್ದರು. ಸಿಂದಗಿಗೆ ಹೋಗುವುದನ್ನು ಬಿಟ್ಟೆ. ಇಂಡಿಗೆ ಬಿಟ್ಟೆ. ಹೊಲಕ್ಕೆ ಹೋಗಿ ನಾಲ್ಕು ತಿಂಗಳಾಯಿತು. ತಂಗಿ ಫೋನು ಮಾಡಿ, "ಹೊಸಾ ಗಾಡಿ ಬಂತಂತ, ಅಕ್ಕನ ಕಾಲ ನೆಲಕ್ಕ ಹತ್ತವಲ್ವು," ಎಂದಳು. ಹೌದು, ಹತ್ತುತ್ತಿಲ್ಲ ಎಂದು ಫೋನು ಇಟ್ಟೆ.

ಹೂವಿನ ಹಿಪ್ಪರಗಿಯಲ್ಲಿ ನಮ್ಮ ನಾದಿನಿಯ ಮೊಮ್ಮಗುವಿನ ತೊಟ್ಟಿಲಿಗೆ ಮಾತ್ರ ಹೋಗಲೇಬೇಕಾಯಿತು. ಉಂಡು ಹೊರಗೆ ಬಂದೆ. ಮಗ ಗಾಡಿ ತಿರುಗಿಸುತ್ತಿದ್ದ. ಬೇವಿನ ಗಿಡದ ಕೆಳಗೆ ಒಂದು ಬಿಳಿ ಕಾರು ನಿಂತಿತ್ತು, ಮುಂದೆ ನಮ್ಮ ಹಳೆಯ ಕಂಪನಿಯ ಗುರುತು. ಇಂಥವು ಊರಿಗೆ ಹತ್ತು ಇವೆ ಎಂದುಕೊಂಡು ಮುಂದೆ ಹೋಗುತ್ತಿದ್ದೆ. ಗಾಜಿನೊಳಗೆ ಕೆಂಪು ಸೆರಗು ಜೋತಾಡುತ್ತಿತ್ತು.

ನಾನು ಹೊಲಿದ ಹೊಲಿಗೆ ನನಗೆ ಗೊತ್ತಾಗುವುದಿಲ್ಲವೆ? ಗಾಜಿಗೆ ಮುಖ ಹಚ್ಚಿ ನೋಡಿದೆ. ಆಮೇಲೆ ಹಿಂದೆ ಹೋಗಿ ನಂಬರು ನೋಡಿದೆ. ಅಂಕಿ ಓದಲು ನನಗೆ ಬರುತ್ತದೆ.

ಕಾರಿನ ಬಳಿ ಮೂವತ್ತರ ಒಬ್ಬಾತ ಅಡಿಕೆ ಜಗಿಯುತ್ತ ನಿಂತಿದ್ದ. ಎಲ್ಲೋ ನೋಡಿದ ಮುಖ.

"ಯಾರದಪಾ ಈ ಗಾಡಿ?"

"ನಂದ್ರೀ ಅಮ್ಮಾ. ನೀವು ಮಸೂತಿ ಅವ್ವಾರಲ್ಲೇನ್ರಿ? ನಮ್ಮ ಮದಿವಿಗಿ ಬಂದಿದ್ರಿ. ಬಾಗೇವಾಡಿ ಮಿಸ್ತ್ರಿ ನಮ್ಮ ಮಾವಾರು."

ನೆನಪಾಯಿತು. ಮಿಸ್ತ್ರಿಯ ಮಗಳ ಮದುವೆಗೆ ಸೀರೆ ಒಯ್ದಿದ್ದೆ.

"ಛಲೋ ಓಡತೈತೇನು?"

"ಭಾಳ ಛಲೋ ಐತ್ರಿ. ಮದಿವ್ಯಾಗ ಗಾಡಿ ಕೊಡ್ತೇನಿ ಅಂದಿದ್ರು ಮಾವಾರು, ತಡಾ ಆದ್ರೂ ಕೊಟ್ರು. ಒಂದ ರಬ್ಬರ್ ಪೈಪ್ ಹರದಿತ್ತಂತ್ರಿ, ಅದೊಂದು ಬದಲಿ ಮಾಡ್ಯಾರ. ಇಂಜಿನ್ ಕಲ್ಲ ಇದ್ದಂಗೈತಿ."

ಪಾಪ, ಅವನಿಗೆ ಏನೂ ಗೊತ್ತಿರಲಿಲ್ಲ. ಎದೆ ತಟ್ಟಿ ಹೇಳುತ್ತಿದ್ದ.

"ಬಾಗಿಲಾ ತಗಿ," ಎಂದೆ.

ತೆಗೆದ. ಸೆರಗಿನ ಕುಣಿಕೆಯೊಳಗೆ ಕೈ ಹಾಕಿದೆ, ಎಡಗಾಲು ಇಟ್ಟೆ, ಮೈಯನ್ನು ಮೇಲೆ ಜಗ್ಗಿಕೊಂಡೆ. ಒಂದೇ ಸಲಕ್ಕೆ ಕೂತೆ. ಯಾರ ಕೈಯೂ ಹತ್ತಲಿಲ್ಲ.

"ನಿಮ್ಮ ಮಾವನ ಶೆಡ್ಡಿಗಿ ನಡಿ."

"ಈಗೇನ್ರಿ?"

"ಈಗ."

ಮಗ ಓಡಿ ಬಂದು ಗಾಜು ಬಡಿದ. "ಅವ್ವಾ, ಎಲ್ಲಿಗಿ?" ನೀ ಹಿಂದಿನಿಂದ ಬಾ ಎಂದೆ.

ಬಾಗೇವಾಡಿ ಬರುವವರೆಗೂ ನಾನು ಇಂಜಿನ್ನಿನ ಸದ್ದನ್ನೇ ಕೇಳುತ್ತಿದ್ದೆ. ಕೆಮ್ಮಲಿಲ್ಲ, ಹೊಗೆ ಇಲ್ಲ, ಏರಿನಲ್ಲಿ ಏದುಸಿರಿಲ್ಲ. ಸತ್ತದ್ದು ಯಾವುದೂ ಅದರಲ್ಲಿರಲಿಲ್ಲ.

ಮಿಸ್ತ್ರಿ ಒಂದು ಟ್ರ್ಯಾಕ್ಟರಿನ ಮುಂದೆ ಕುಕ್ಕರಗಾಲಿನಲ್ಲಿ ಕೂತಿದ್ದ. ಗಾಡಿಯ ಸದ್ದಿಗೆ ತಿರುಗದೆಯೇ, "ಬರ್ರಿ ಅಳಿಯಂದ್ರ," ಎಂದ. ನಾನು ಹಿಡಿಕೆ ಹಿಡಿದು ಇಳಿದೆ. ಆಮೇಲೆ ತಿರುಗಿದ. ಕೈಯಲ್ಲಿದ್ದ ಪಾನಾವನ್ನು ನೆಲಕ್ಕೆ ಇಟ್ಟ, ಮತ್ತೆ ಎತ್ತಿಕೊಂಡ.

"ಅವ್ವಾರ... ಕುಂದರ್ರಿ, ಚಾ ತರಸ್ತೇನಿ."

"ಚಾ ಬ್ಯಾಡ. ಬ್ಲಾಕ್ ಎಲ್ಲಿ ಸೀಳೇತಿ, ತೋರಸು."

ಅವನು ಅಳಿಯನ ಮುಖ ನೋಡಿದ, ನೆಲ ನೋಡಿದ.

"ತೋರಸೋ. ನಾ ಹಳ್ಳಿ ಹೆಣಮಗಳು, ತಿಳಿಯಂಗಿಲ್ಲ. ಬೆರಳಿಟ್ಟು ತೋರಸು."

"ಮಗಳ ಮನ್ಯಾಗ ದಿನಾ ಮಾತು ರೀ ಅವ್ವಾರ. ಗಾಡಿ ಕೊಡ್ತೇನಂದು ಕೊಡಲಿಲ್ಲಂತ. ನಾ ಏನ್ ಮಾಡ್ಲಿ?"

"ನಿನ್ನ ಮಗಳ ಸಂಸಾರಕ್ಕ ನನ್ನ ಮೊಣಕಾಲು ಬೇಕಾಗಿತ್ತೇನು?"

ಅಳಿಯನ ಬಾಯಿಯಲ್ಲಿ ಅಡಿಕೆ ನಿಂತುಬಿಟ್ಟಿತು. ಕೀಲಿಕೈ ತೆಗೆದು ಬೆಂಚಿನ ಮೇಲೆ ಇಟ್ಟು ದೂರ ಹೋಗಿ ನಿಂತ.

ಮಿಸ್ತ್ರಿ ಕೇಳಿದ್ದರೆ ಗಾಡಿ ಕೊಡುತ್ತಿದ್ದೆ ಎಂದು ನಾನು ಸುಳ್ಳು ಹೇಳುವುದಿಲ್ಲ. ಕೊಡುತ್ತಿರಲಿಲ್ಲ. ಅದು ಅವನಿಗೂ ಗೊತ್ತಿತ್ತು. ಅದಕ್ಕೇ ಕೇಳಲಿಲ್ಲ.

ಅಷ್ಟರಲ್ಲಿ ಮಗ ಹೊಸ ಗಾಡಿ ತಂದು ನಿಲ್ಲಿಸಿದ. ಬೈಯುತ್ತಾನೆ, ಮಿಸ್ತ್ರಿಯ ಅಂಗಿ ಹಿಡಿಯುತ್ತಾನೆ ಎಂದುಕೊಂಡೆ. ಅವನು ಬಿಳಿ ಕಾರಿನ ಕಡೆ ನೋಡಲೇ ಇಲ್ಲ.

"ನಡಿಯವ್ವಾ, ಹೋಗೂಣು. ಆಗಿದ್ದು ಆಗಿಹೋತು."

"ಏನಾಗೇತಿ ಅಂತ ನಿನಗ್ಯಾರು ಹೇಳಿದ್ರು?"

ಅವನು ತಡವರಿಸಿದ. ಕೊನೆಗೆ ಹೊರಗೆ ಬಂತು. "ಎರಡು ತಿಂಗಳ ಹಿಂದ ಸಿಂದಗಿ ಸಂತ್ಯಾಗ ನೋಡಿದ್ನಿ ಈ ಗಾಡಿ. ನಿನಗ ಹೇಳಿದ್ರ ಹಿಂಗ ಮಾಡ್ತಿ ಅಂತ ಸುಮ್ಮನಿದ್ನಿ. ಹೊಸದು ಬಂದಾಗಿತ್ತಲ್ಲ, ಹಳೇದಕ್ಕ್ಯಾಕ ಜಗಳಾ?"

ಎರಡು ತಿಂಗಳು. ಆ ಎರಡು ತಿಂಗಳೂ ಇವನು ನನ್ನನ್ನು ಹಿಂದಿನಿಂದ ತಳ್ಳಿ ಗಾಡಿಗೆ ಹೇರಿದ್ದಾನೆ. ಇವನಿಗೆ ಹೊಸದು ಬೇಕಾಗಿತ್ತು, ಸಿಕ್ಕಿತು. ಮಿಸ್ತ್ರಿಗೆ ಹಳೆಯದು ಬೇಕಾಗಿತ್ತು, ಸಿಕ್ಕಿತು. ಇಬ್ಬರ ನಡುವೆ ಬೈದು, ಹೂಂ ಎಂದು, ಎರಡು ಚೀಲ ಜೋಳ ಹೊತ್ತು ಓಡಾಡಿದವಳು ನಾನು. ಆ ಕಂಪನಿಯನ್ನೂ ಸುಮ್ಮನೆ ಬೈದಿದ್ದೆ. ಅದರ ಇಂಜಿನ್ನಿಗೆ ಏನೂ ಆಗಿರಲಿಲ್ಲ.

ಬಿಳಿ ಕಾರನ್ನು ಮರಳಿ ಒಯ್ಯಿರಿ ಎಂದು ಮಿಸ್ತ್ರಿ ಕೀಲಿಕೈ ಚಾಚಿದ. ನಾನು ಮುಟ್ಟಲಿಲ್ಲ. ಒಂದು ಮನೆಯಲ್ಲಿ ಎರಡು ಗಾಡಿ ಯಾರು ಸಾಕುತ್ತಾರೆ? ಅವನ ಮಗಳು ಅದರಲ್ಲಿ ಓಡಾಡಲಿ, ಅವಳು ನನಗೇನೂ ಮಾಡಿಲ್ಲ.

"ಆ ಹಿಡಿಕಿ ಬಿಚ್ಚು," ಎಂದೆ.

ಬಿಚ್ಚಿದ.

"ಈಗ ಈ ಹೊಸಾ ಗಾಡಿಗಿ ಬಿಗಿ."

"ಅವ್ವಾ, ವಾರಂಟಿ..." ಎಂದ ಮಗ.

"ವಾರಂಟಿ ಗಾಡಿಗಿ ಐತಿ, ನನ್ನ ಕಾಲಿಗಿ ಐತೇನು? ತೂತು ಹೊಡಿಯೋ."

ಮಿಸ್ತ್ರಿ ಮಗನನ್ನು ನೋಡಿದ. ಮಗ ಆಚೆ ಮುಖ ಮಾಡಿದ. ಡ್ರಿಲ್ಲು ಹೊಸ ಗಾಡಿಯ ಮೈಯೊಳಗೆ ಇಳಿಯಿತು. ಮಗ ಹಲ್ಲು ಕಚ್ಚಿದ್ದು ಕಾಣುತ್ತಿತ್ತು, ಆದರೆ ಎರಡು ತಿಂಗಳು ಮುಚ್ಚಿದ್ದ ಬಾಯಿ ಆಗಲೂ ತೆರೆಯಲಿಲ್ಲ. ಕೆಲಸವನ್ನು ಮಿಸ್ತ್ರಿ ಚೆನ್ನಾಗಿಯೇ ಮಾಡಿದ, ಅದನ್ನು ಇಲ್ಲವೆನ್ನುವುದಿಲ್ಲ. ಕುಣಿಕೆ ನನ್ನ ಕೈಗೆ ಎಟುಕುವಂತೆ ಪಟ್ಟಿಯನ್ನು ಉದ್ದ ಮಾಡಿದ. ಮೊದಲಿನಂತೆ ತಾನೇ ಜೋತುಬಿದ್ದು ನೋಡಿದ. ಎಮ್ಮೆಯ ಮಾತು ಆಡಲಿಲ್ಲ.

ನಾನು ಕುಣಿಕೆಗೆ ಕೈ ಹಾಕಿ ಹತ್ತಿದೆ. ಕೂತೆ. ಸೊಂಟದ ಚೀಲ ಬಿಚ್ಚಿ ಒಂದು ನೂರರ ನೋಟು ತೆಗೆದು ಅವನ ಮುಂದೆ ಹಿಡಿದೆ.

ಅವನು ಎರಡು ಹೆಜ್ಜೆ ಹಿಂದೆ ಸರಿದ. "ಅವ್ವಾರ, ರೊಕ್ಕ ಬ್ಯಾಡ್ರಿ. ಬೈರಿ, ಬಡೀರಿ, ರೊಕ್ಕ ಕೊಡಬ್ಯಾಡ್ರಿ."

"ಕೆಲಸಾ ಮಾಡಿಯಿಲ್ಲೋ? ತಗೋ."

ತೆಗೆದುಕೊಳ್ಳಲಿಲ್ಲ. ಕೈಗಳನ್ನು ಬೆನ್ನ ಹಿಂದೆ ಇಟ್ಟುಕೊಂಡು ನಿಂತ. ನೋಟನ್ನು ಬೆಂಚಿನ ಮೇಲೆ ಇಡು ಎಂದು ಮಗನಿಗೆ ಕೊಟ್ಟೆ. ಗಾಳಿಗೆ ಹಾರದಂತೆ ಮಗ ಅದರ ಮೇಲೆ ಮಿಸ್ತ್ರಿಯದೇ ಪಾನಾ ಹೇರಿದ.

ಮನೆಯ ಅಂಗಳದಲ್ಲಿ ಗಾಡಿ ನಿಂತಾಗ ಅವನು ರೂಢಿಯಂತೆ ಇಳಿಸಲು ನನ್ನ ಬಾಗಿಲ ಹತ್ತಿರ ಬಂದು ಕೈ ಚಾಚಿದ.

"ಸರಿ ಅತ್ತಾಗ," ಎಂದೆ. ಹಿಡಿಕೆ ಹಿಡಿದು ಇಳಿದೆ.

ಈ ಸುಗ್ಗಿಯಲ್ಲಿ ರಾಶಿ ಆದ ಮೇಲೆ ಆಳು ಬಂದು, ಮಿಸ್ತ್ರಿಯ ಚೀಲ ಬೇರೆ ತೆಗೆದಿಡಲೇನು ಎಂದು ಕೇಳಿದ. ಬೇಡ, ಅವನದು ಚುಕ್ತಾ ಆಗಿದೆ ಎಂದೆ. ಮರುದಿನ ಡ್ರೈವರನನ್ನು ಕರೆಸಿಕೊಂಡು ಸಿಂದಗಿಗೆ ತಂಗಿಯ ಮನೆಗೆ ಹೋದೆ.